4ಕೆ ಮಾನಿಟರ್ ತಂದ ಮೇಲೆ: ಇಪ್ಪತ್ತು ತಿಂಗಳ ಲೆಕ್ಕ

ಸನ್ಯಾಸಿ ಕೌಪೀನ ಉಳಿಸಿಕೊಳ್ಳಲು ಬೆಕ್ಕು ಸಾಕಿದ, ಬೆಕ್ಕಿನ ಹಾಲಿಗೆ ಹಸು ತಂದ ಕಥೆ ಗೊತ್ತಲ್ಲ? ನನ್ನ ಕೌಪೀನ 27 ಇಂಚಿನದು.

2024ರ ಏಪ್ರಿಲ್‌ನಲ್ಲಿ ಮುಂಬೈಯ ಲ್ಯಾಮಿಂಗ್ಟನ್ ರೋಡಿನಲ್ಲಿ 46,500 ರೂಪಾಯಿ ಕೊಟ್ಟು 4ಕೆ, 144 ಹರ್ಟ್ಸ್ (ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ) ಮಾನಿಟರ್ ತಗೊಂಡೆ. ಗ್ರಾಂಟ್ ರೋಡಿನಲ್ಲಿ ಲೋಕಲ್ ಹತ್ತಿ, ದಾದರ್‌ನಲ್ಲಿ ಗಾಡಿ ಬದಲಿಸಿ, ಡೊಂಬಿವಲಿವರೆಗೆ ಲಗೇಜ್ ಡಬ್ಬಿಯಲ್ಲಿ ಮೀನಿನ ಬುಟ್ಟಿಗಳ ನಡುವೆ ಪೆಟ್ಟಿಗೆ ತಬ್ಬಿಕೊಂಡು ನಿಂತು ತಂದದ್ದು. ಮನೆಯಲ್ಲಿದ್ದ ಪಿಸಿ 2019ರ ಕೊನೆಯದು: ರೈಜನ್ 5 3600 ಪ್ರೊಸೆಸರ್, 6 ಜಿಬಿಯ ಜಿಟಿಎಕ್ಸ್ 1660 ಸೂಪರ್ ಗ್ರಾಫಿಕ್ಸ್ ಕಾರ್ಡ್, 16 ಜಿಬಿ ರ‍್ಯಾಮ್, 450 ವ್ಯಾಟ್ ಪವರ್ ಸಪ್ಲೈ. 1080ಪಿಯಲ್ಲಿ ಆಟ ಆಡಲು ತಕರಾರೇ ಇರಲಿಲ್ಲ. ಆದರೆ 1080ಪಿ ಪರದೆಯಲ್ಲಿ 20.7 ಲಕ್ಷ ಪಿಕ್ಸೆಲ್, 4ಕೆಯಲ್ಲಿ 82.9 ಲಕ್ಷ. ಪ್ರತಿ ಫ್ರೇಮಿಗೂ, ಅಂದರೆ ಪರದೆಯ ಪ್ರತಿ ಚಿತ್ರಕ್ಕೂ, ನಾಲ್ಕು ಪಟ್ಟು ಚುಕ್ಕಿಗೆ ಬಣ್ಣ ತುಂಬಬೇಕು. ರೆಡ್ ಡೆಡ್ ರಿಡೆಂಪ್ಶನ್ 2 ಆಟದಲ್ಲಿ ಕುದುರೆ ಓಡಲಿಲ್ಲ, ಫೋಟೊಗಳಿಗೆ ಒಂದೊಂದಾಗಿ ಪೋಸು ಕೊಟ್ಟಿತು.

ಹಾಗಾಗಿ ಬೆಕ್ಕು ಬಂತು. ಆರ್‌ಟಿಎಕ್ಸ್ 4070 ಸೂಪರ್ ಗ್ರಾಫಿಕ್ಸ್ ಕಾರ್ಡ್, 61,800. ಇದಕ್ಕೆ ಕಂಪನಿಯೇ ಹೇಳುವುದು 650 ವ್ಯಾಟ್ ಪವರ್ ಸಪ್ಲೈ, ಕಾರ್ಡೊಂದೇ 220 ವ್ಯಾಟ್ ಎಳೆಯುತ್ತದೆ. ಹಳೆಯ 450ರ ಮೇಲೆ ಧೈರ್ಯ ಸಾಲದೆ 8,900ಕ್ಕೆ 750 ವ್ಯಾಟಿನದು ತಂದೆ. ಬಿಲ್ ಇಲ್ಲದಿದ್ದರೆ ಕಡಿಮೆ ಮಾಡಿಕೊಡುತ್ತೇನೆ ಅಂದ ಅಂಗಡಿಯವನಿಗೆ ಕೈ ಮುಗಿದು ಮುಂದಿನ ಅಂಗಡಿಗೆ ಹೋದೆ. ಇಷ್ಟು ದುಡ್ಡಿನ ಕಾರ್ಡನ್ನು ವಾರಂಟಿ ಇಲ್ಲದೆ ಕೊಳ್ಳುವುದಕ್ಕಿಂತ ಹಳೆಯ ಕಾರ್ಡೇ ಮೇಲು.

ಯಾವ ವಿಡಿಯೊದಲ್ಲೂ ಯಾರೂ ಹೇಳದ ಖರ್ಚು ಯುಪಿಎಸ್‌ದು. ನನ್ನ ಹತ್ತಿರ ಇದ್ದದ್ದು ಎಲ್ಲರ ಮನೆಯಲ್ಲಿರುವಂಥ 600 ವಿಎಯದು. ಅದು ಕೊಡುವುದು 360 ವ್ಯಾಟ್. ಜೂನ್‌ನ ಮೊದಲ ಮಳೆಗೆ ಕರೆಂಟ್ ಹೋದಾಗ ಆಟ ನಡೆಯುತ್ತಿತ್ತು; ಯುಪಿಎಸ್ ಹೊರೆ ತಾಳದೆ ಒಂದೇ ಸಲ ಕಿರುಚಿ ಎಲ್ಲವನ್ನೂ ಆರಿಸಿತು. ಎರಡು ಗಂಟೆಯ ಆಟ ನೀರುಪಾಲು. 1,100 ವಿಎಯದಕ್ಕೆ 6,700 ಹೋಯಿತು. ರೆಡ್ ಡೆಡ್ ಒಂದೇ 150 ಜಿಬಿ ಜಾಗ ಕೇಳುವುದರಿಂದ 6,200ಕ್ಕೆ 1 ಟಿಬಿ ಎಸ್‌ಎಸ್‌ಡಿಯೂ ಬಂತು.

ಪ್ರೊಸೆಸರ್ ವಿಷಯದಲ್ಲಿ ಮಾತ್ರ ನಾನು ಹೆಡ್ಡನಾಗಲಿಲ್ಲ. "ಹಳೇ 3600ಗೆ ಈ ಕಾರ್ಡ್ ಹಾಕಿದರೆ ವೇಸ್ಟ್, ಮದರ್‌ಬೋರ್ಡು ಸಮೇತ ಬದಲಾಯಿಸಿ" ಎಂದು ಮೂರು ಅಂಗಡಿಯಲ್ಲಿ ಹೇಳಿದರು. 4ಕೆಯಲ್ಲಿ ಬೆವರು ಸುರಿಸುವುದು ಗ್ರಾಫಿಕ್ಸ್ ಕಾರ್ಡ್. ಪ್ರೊಸೆಸರ್ ಬಹುಪಾಲು ಅದಕ್ಕಾಗಿ ಕಾಯುತ್ತಾ ಕೂತಿರುತ್ತದೆ. ಒಂದು ವರ್ಷ ಹಾಗೇ ಓಡಿಸಿದೆ. ಸೈಬರ್‌ಪಂಕ್ 2077 ಆಟದ ಸಂತೆ ಬೀದಿಗಳಲ್ಲಿ ಮುಗ್ಗರಿಸುತ್ತಿತ್ತು, ನಿಜ. ಆಮೇಲೆ ಅದೇ ಬಿ450 ಬೋರ್ಡಿನ ಬಯೋಸ್ (ಬೋರ್ಡಿನೊಳಗಿನ ಮೂಲ ತಂತ್ರಾಂಶ) ಅಪ್‌ಡೇಟ್ ಮಾಡಿ 21,500ಕ್ಕೆ ರೈಜನ್ 7 5700ಎಕ್ಸ್3ಡಿ ಪ್ರೊಸೆಸರ್ ಕೂರಿಸಿದೆ. ಬೋರ್ಡೂ ಉಳಿಯಿತು, ರ‍್ಯಾಮೂ ಉಳಿಯಿತು. ಎಎಮ್‌4 ಸಾಕೆಟ್ (ಈ ಎರಡೂ ಪ್ರೊಸೆಸರ್ ಕೂರುವ ಬೋರ್ಡಿನ ಕುಳಿ) ಮಾಡಿದವರ ಹೊಟ್ಟೆ ತಣ್ಣಗಿರಲಿ.

ಒಟ್ಟು 1,51,600. ಹಳೆಯ ಕಾರ್ಡ್ 8,000ಕ್ಕೆ ಹೋಯಿತು.

ಈಗ ಹೊಟ್ಟೆ ಉರಿಯುವ ಸಂಗತಿ. ಭಾರಿ ಆಟಗಳಲ್ಲಿ ಈ ಕಾರ್ಡ್ ನೇರವಾಗಿ 4ಕೆ ಎಳೆಯುವುದು ಕಷ್ಟ. ಡಿಎಲ್‌ಎಸ್‌ಎಸ್ ಎಂಬ ಚಿತ್ರ ಹಿಗ್ಗಿಸುವ ತಂತ್ರವನ್ನು ಕ್ವಾಲಿಟಿ ಮಟ್ಟದಲ್ಲಿ ಹಾಕಲೇಬೇಕು. ಹಾಕಿದರೆ ಕಾರ್ಡ್ ಒಳಗೊಳಗೇ ಚಿತ್ರ ಬಿಡಿಸುವುದು 1440ಪಿಯಲ್ಲಿ (1080ಪಿಗೂ 4ಕೆಗೂ ನಡುವಿನದು), ಉಳಿದದ್ದು ಲೆಕ್ಕಾಚಾರದಿಂದ ತುಂಬಿದ್ದು. ಅಂದರೆ 4ಕೆಗೆ ದುಡ್ಡು ಕೊಟ್ಟು ಇಪ್ಪತ್ತು ತಿಂಗಳು 1440ಪಿಯನ್ನೇ ಹಿಗ್ಗಿಸಿ ನೋಡುತ್ತಿದ್ದೇನೆ. ಚೆನ್ನಾಗಿ ಕಾಣುತ್ತದೆ, ಸುಳ್ಳು ಹೇಳಲಾರೆ; 1440ಪಿ ಪರದೆಗಿಂತ ಚೆನ್ನಾಗಿಯೇ ಕಾಣುತ್ತದೆ. ಆದರೆ ಅದೇ ಅಂಗಡಿಯಲ್ಲಿ ಅಂದು 1440ಪಿ ಮಾನಿಟರ್ 23,000ಕ್ಕಿತ್ತು. ಮೇಲಿನ 23,500ರಷ್ಟು ಚೆನ್ನಾಗಿ ಕಾಣುತ್ತದೆಯೇ? ಆಡುವಾಗ ಇಲ್ಲ. ಪಾತ್ ಟ್ರೇಸಿಂಗ್ (ಬೆಳಕಿನ ಹಾದಿಯನ್ನೇ ಲೆಕ್ಕ ಹಾಕಿ ಚಿತ್ರ ಬಿಡಿಸುವುದು) ಹಚ್ಚಿದರೆ ಕಾರ್ಡಿನ 12 ಜಿಬಿ ಮೆಮೊರಿಯೂ ಏದುಸಿರು ಬಿಡುತ್ತದೆ. ಎಲ್ಡನ್ ರಿಂಗ್ ಆಟ ಅಂತೂ ಹೇಗೂ ಸೆಕೆಂಡಿಗೆ 60 ಫ್ರೇಮ್ ದಾಟುವುದಿಲ್ಲ. ನನ್ನ 144 ಹರ್ಟ್ಸ್ ಅಲ್ಲಿ ಸುಮ್ಮನೆ ಕೂತಿರುತ್ತದೆ.

ಮಾನಿಟರಿಗೆ ನಿಜವಾಗಿ ಬೆಲೆ ಬಂದದ್ದು ಆಟದಲ್ಲಲ್ಲ, ಓದಿನಲ್ಲಿ. 27 ಇಂಚಿನಲ್ಲಿ 4ಕೆ ಅಂದರೆ ಇಂಚಿಗೆ 163 ಪಿಕ್ಸೆಲ್. ಕನ್ನಡದ ಒತ್ತಕ್ಷರ ಅಚ್ಚು ಹೊಡೆದಂತೆ ಕಾಣುತ್ತದೆ. ಹಳೆಯ ಪರದೆಯಲ್ಲಿ 'ರಾಷ್ಟ್ರ', 'ಶಾಸ್ತ್ರ' ಎಲ್ಲ ಒಂದೊಂದು ಮಸಿಗುಡ್ಡೆಯಾಗಿರುತ್ತಿದ್ದವು. ಭಾನುವಾರ ಬೆಳಿಗ್ಗೆ ಅಮ್ಮ ಊರಿನ ಪೇಪರ್ ಇದರಲ್ಲೇ ಓದುತ್ತಾಳೆ. "ಲಕ್ಷಗಟ್ಲೆ ಸುರಿದದ್ದಕ್ಕೆ ನನಗೆ ಕನ್ನಡಕ ಬೇಡವಾಯ್ತಲ್ಲ ಮಗಾ" ಅಂದಳು. ಹೊಗಳಿದ್ದೋ ಚುಚ್ಚಿದ್ದೋ, ಇನ್ನೂ ಗೊತ್ತಾಗಿಲ್ಲ.

ಏಳನೇ ತಿಂಗಳಲ್ಲಿ ಪರದೆಯ ಬಲಮೂಲೆಯಲ್ಲಿ ಒಂದು ಪಿಕ್ಸೆಲ್ ಸತ್ತಿತು. ಸರ್ವಿಸ್ ಸೆಂಟರಿನವರು ಒಂದೇ ಚುಕ್ಕಿಗೆ ಬದಲಿಸುವುದಿಲ್ಲ ಅಂದರು. ಕೊಳ್ಳುವ ಮೊದಲೇ ಆ ನಿಯಮ ಓದಿಕೊಳ್ಳಿ.

ಕರೆಂಟಿಗೆ ಹೆದರಿದಷ್ಟು ಬರಲಿಲ್ಲ. ಎಲ್ಲ ಸೇರಿ 400 ವ್ಯಾಟ್ ಹಿಡಿದು ದಿನಕ್ಕೆ ಮೂರು ಗಂಟೆ ಆಡಿದರೆ ತಿಂಗಳಿಗೆ 36 ಯೂನಿಟ್. ಹೊಡೆತ ಕೊಡುವುದು ಎಸಿ. ಹತ್ತಡಿ ಕೋಣೆ, ಮೇ ತಿಂಗಳ ಡೊಂಬಿವಲಿ, ಕಾಲ ಬಳಿ ಹೀಟರಿನಂಥ ಆ ಪಿಸಿ. ಎಸಿ ಹಾಕದೆ ಕೂರಲಾಗದು, ಹಾಕಿದರೆ 300 ಯೂನಿಟ್ ದಾಟಿ ಬಿಲ್ಲು ಮೇಲಿನ ಸ್ಲ್ಯಾಬಿಗೆ ಹಾರುತ್ತದೆ. ಮೇ ತಿಂಗಳಲ್ಲಿ ಫ್ರೇಮನ್ನು 60ಕ್ಕೆ ಕಟ್ಟಿಹಾಕಿ ಆಡುವುದು ರೂಢಿಯಾಗಿದೆ.

ದೊಡ್ಡ ಪರದೆಯ ಆಸೆ ಇದ್ದವರಿಗೊಂದು ಮಾತು: ನಾನು ಕೊಂಡಾಗ 32 ಇಂಚು ದಾಟಿದ ಮಾನಿಟರಿಗೆ 28% ಜಿಎಸ್‌ಟಿ ಇತ್ತು, 2025ರ ಸೆಪ್ಟೆಂಬರ್ 22ರಿಂದ ಅದೂ 18%.

ಕುಂದಾಪುರದಿಂದ ಚಿಕ್ಕಪ್ಪನ ಮಗ ಕೇಳಿದ, ಎಂಬತ್ತೈದು ಸಾವಿರ ಇದೆ ಅಣ್ಣ, ಏನು ತಗೊಳ್ಳಲಿ ಅಂತ. 1440ಪಿ ಮಾನಿಟರ್ ತಗೋ, ಒಳ್ಳೆಯ ಪವರ್ ಸಪ್ಲೈ ತಗೋ, ಉಳಿದದ್ದಕ್ಕೆ ಕಾರ್ಡ್ ನೋಡು, ಪ್ರೊಸೆಸರ್ ಮುಟ್ಟಬೇಡ ಅಂದೆ. ನಿನ್ನ ಮಾನಿಟರ್ ಮಾರುತ್ತೀಯಾ ಅಂದ. ಅಮ್ಮನನ್ನು ಕೇಳು ಅಂದೆ. ನನ್ನ ಪಟ್ಟಿಯಲ್ಲಿ 32 ಜಿಬಿ ರ‍್ಯಾಮ್ ಬಾಕಿ ಇತ್ತು. ಎಐ ಸರ್ವರ್‌ಗಳ ಹಸಿವಿಗೆ 2025ರ ಕೊನೆಯಲ್ಲಿ ರ‍್ಯಾಮ್ ಬೆಲೆ ಏರಿದ ರೀತಿ ನೋಡಿ ಆ ಸಾಲನ್ನು ಹೊಡೆದುಹಾಕಿದ್ದೇನೆ.