ಗಜಮುಕ್ತಾ ಲಾಕೆಟ್: ಗುಂಡಿಗಿಂತ ಮೊದಲು ಕಾರ್ಡ್ ಓದಿ

ಬೆಳ್ಳಿ ಲಾಕೆಟ್ಟಿನಲ್ಲಿ ಹಾಲುಬಣ್ಣದ ಒಂದು ಗುಂಡು, ಜೊತೆಗೆ ಎಟಿಎಂ ಕಾರ್ಡಿನಷ್ಟಿರುವ ಲ್ಯಾಬ್ ಕಾರ್ಡು. ಬೆಂಗಳೂರಿನಲ್ಲಿ ಗಜಮುಕ್ತಾ (ಆನೆಯ ಮುತ್ತು), ನಾಗಮಣಿ, ಶಂಖಮುತ್ತು ಎಂದು ಮಾರಾಟವಾಗುವ ಮಾಲು ಹೆಚ್ಚಾಗಿ ಈ ರೂಪದಲ್ಲೇ ಕೈಗೆ ಬರುತ್ತದೆ, ಅಂಗಡಿಯಲ್ಲಿ ಕೊಂಡರೂ ಆನ್‌ಲೈನ್‌ನಲ್ಲಿ ತರಿಸಿದರೂ. ಇದನ್ನು ಕೊಳ್ಳಬೇಡಿ ಎನ್ನುವುದು ನಮ್ಮ ಅಭಿಪ್ರಾಯ. ಶಾಸ್ತ್ರದ ಮೇಲೆ ಗೌರವ ಇರುವವರಂತೂ ಮೊದಲೇ ಕೊಳ್ಳಬಾರದು.

ಪ್ರಾಚೀನ ಜ್ಯೋತಿಷಿ ವರಾಹಮಿಹಿರನ ಬೃಹತ್ಸಂಹಿತೆ ಎಂಬ ಸಂಸ್ಕೃತ ಗ್ರಂಥ ಮುತ್ತಿಗೆ ಎಂಟು ಮೂಲ ಹೇಳುತ್ತದೆ: ಆನೆ, ಹಾವು, ಸಿಂಪಿ, ಶಂಖ, ಮೋಡ, ಬಿದಿರು, ತಿಮಿ ಎಂಬ ಮೀನು, ಹಂದಿ. ಅದೇ ಶ್ಲೋಕ ಈ ಎಂಟರಲ್ಲಿ ಹೇರಳವಾಗಿ ಸಿಗುವುದೂ ಒಳ್ಳೆಯದೂ ಸಿಂಪಿನ ಮುತ್ತೇ ಎಂದು ತೀರ್ಮಾನ ಕೊಟ್ಟುಬಿಡುತ್ತದೆ. ಐರಾವತ ಕುಲದ ಆನೆಗಳ ಕುಂಭದಲ್ಲೂ (ತಲೆಯ ಉಬ್ಬು) ದಂತದ ಬುಡದಲ್ಲೂ ಮುತ್ತು ಹುಟ್ಟುತ್ತದೆ ಎನ್ನುವಾಗ ಗ್ರಂಥಕಾರ ‘ಕಿಲ’ ಎಂಬ ಪದ ಬಳಸುತ್ತಾನೆ, ಅಂದರೆ ‘ಅಂತೆ’. ಅಂಥ ಮುತ್ತಿಗೆ ಬೆಲೆ ಕಟ್ಟಬಾರದು, ತೂತು ಕೊರೆಯಬಾರದು ಎಂದೂ ಸೇರಿಸುತ್ತಾನೆ. ತೂತು ಕೊರೆದು ಬೆಲೆಚೀಟಿ ಅಂಟಿಸಿದ ಗುಂಡು ಆ ಶಾಸ್ತ್ರದ ಗಜಮುಕ್ತಾ ಆಗಲು ಸಾಧ್ಯವೇ ಇಲ್ಲ. ಮೋಡದ ಮುತ್ತಿನ ವಿಷಯ ಇನ್ನೂ ಸ್ಪಷ್ಟ. ಅದು ಭೂಮಿಗೆ ಇಳಿಯುವುದೇ ಇಲ್ಲ, ದೇವತೆಗಳು ನಡುವೆಯೇ ಒಯ್ಯುತ್ತಾರೆ ಎನ್ನುತ್ತದೆ ಗರುಡಪುರಾಣ.

ಹಾಗಾದರೆ ಆನೆಯಲ್ಲಿ ಏನೂ ಸಿಗುವುದಿಲ್ಲವೇ? ದಂತದ ಬುಡದ ಟೊಳ್ಳಿನಲ್ಲಿ ಅಪರೂಪಕ್ಕೆ ದಂತದ್ದೇ ಸಣ್ಣ ಗಂಟುಗಳು ಬೆಳೆಯುವುದುಂಟು. ಹಳೆಯ ಮಾತಿಗೆ ಅದೇ ಆಧಾರ ಇದ್ದೀತು. ಆದರೆ ಅಂಥದ್ದು ನಿಜವಾಗಿ ಕೈಗೆ ಬಂದರೆ ಅದು ಆನೆದಂತವೇ ಆಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 1ನೇ ಅನುಸೂಚಿಯಲ್ಲಿ ಆನೆ ಇದೆ. ಮಾರಿದವರಿಗೂ ಕೊಂಡವರಿಗೂ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. ‘ತಾತನ ಕಾಲದ್ದು’ ಎಂಬ ಮಾತು ರಕ್ಷಣೆ ಕೊಡುವುದಿಲ್ಲ. ಸುಳ್ಳಾದರೆ ದುಡ್ಡು ಹೋಯಿತು, ನಿಜವಾದರೆ ಕೇಸು. ಮನೆಯಲ್ಲಿ ಹಳೆಯ ದಂತದ ವಸ್ತು ಇದ್ದವರು ಅದನ್ನು ರತ್ನದಂಗಡಿಗೆ ಒಯ್ಯದೆ ಮಲ್ಲೇಶ್ವರದ ಅರಣ್ಯ ಭವನದಲ್ಲಿ ವಿಚಾರಿಸಬೇಕು.

ಈ ಲಾಕೆಟ್ಟುಗಳಲ್ಲಿ ಕೂರಿಸಬಹುದಾದ ವಸ್ತುಗಳು ಕೆಲವೇ: ರಾಳ (ರೆಸಿನ್), ಗಾಜು, ಪ್ರಾಣಿಯ ಮೂಳೆ, ಉರುಟಾಗಿ ಕಡೆದ ಚಿಪ್ಪು. 10 ಪಟ್ಟು ಹಿಗ್ಗಿಸುವ ಲೂಪ್ (ಕಣ್ಣಿಗೆ ಹಿಡಿಯುವ ಸಣ್ಣ ಮಸೂರ) ಇದ್ದರೆ ಅರ್ಧ ಕೆಲಸ ಮುಗಿದಂತೆ. ರಾಳದಲ್ಲಿ ಅಚ್ಚಿನ ಗೆರೆ, ಗಾಳಿಗುಳ್ಳೆ ಕಾಣುತ್ತದೆ. ಮೂಳೆಯಲ್ಲಿ ರಕ್ತನಾಳ ಹಾಯ್ದ ಜಾಗ ಕಪ್ಪು ಚುಕ್ಕೆಗಳಾಗಿ, ಸಣ್ಣ ಗೀರುಗಳಾಗಿ ಉಳಿದಿರುತ್ತದೆ. ಕಡೆದ ಚಿಪ್ಪನ್ನು ಮೊಬೈಲ್ ಟಾರ್ಚಿನ ಮುಂದೆ ಹಿಡಿದು ತಿರುಗಿಸಿದರೆ ನೇರ ಪಟ್ಟೆಗಳು ಕಾಣುತ್ತವೆ. ನಿಜವಾದ ಮುತ್ತಿನಲ್ಲಿ ಪದರಗಳು ಈರುಳ್ಳಿಯಂತೆ ಸುತ್ತಿಕೊಂಡಿರುತ್ತವೆ.

ಉಳಿದರ್ಧ ಕೆಲಸ ತಕ್ಕಡಿಯದು. ಲಾಕೆಟ್ಟಿನಿಂದ ಬಿಚ್ಚಿದ ಗುಂಡನ್ನು ಗಾಳಿಯಲ್ಲಿ ಒಮ್ಮೆ, ನೀರಿನಲ್ಲಿ ತೂಗುಬಿಟ್ಟು ಒಮ್ಮೆ ತೂಕ ಮಾಡಿ. ಗಾಳಿಯ ತೂಕವನ್ನು ನೀರಿನಲ್ಲಿ ಕಡಿಮೆಯಾದ ತೂಕದಿಂದ ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. ಸಿಂಪಿನ ಮುತ್ತು ಸುಮಾರು 2.7, ದಂತ 1.7ರಿಂದ 2, ರಾಳ ಸಾಮಾನ್ಯವಾಗಿ 1.3ಕ್ಕಿಂತ ಕಡಿಮೆ, ಮಾಮೂಲಿ ಗಾಜು 2.5ರ ಆಸುಪಾಸು. 2 ಕ್ಯಾರೆಟ್, ಅಂದರೆ 0.400 ಗ್ರಾಂ ಮುತ್ತು ನೀರಿನಲ್ಲಿ 0.148 ಗ್ರಾಂ ಕಳೆದುಕೊಳ್ಳಬೇಕು. ಎಡವುವುದು ಎರಡು ಕಡೆ. 0.01 ಗ್ರಾಂವರೆಗೆ ಮಾತ್ರ ತೋರಿಸುವ ಅಗ್ಗದ ತಕ್ಕಡಿಯಲ್ಲಿ ಒಂದು ಅಂಕಿ ಆಚೀಚೆಯಾದರೆ ಉತ್ತರ 2.5 ಆಗಬಹುದು, 2.86 ಕೂಡ ಆಗಬಹುದು. ಆಗ ಗಾಜು ಯಾವುದು, ಮುತ್ತು ಯಾವುದು ತಿಳಿಯದು. ಮಿಲಿಗ್ರಾಂ ತಕ್ಕಡಿಯೇ ಬೇಕು. ಎರಡನೆಯದು, ತೂತಿನೊಳಗೆ ಸಿಕ್ಕಿದ ಗಾಳಿ ಸಾಂದ್ರತೆಯನ್ನು ಕಡಿಮೆ ತೋರಿಸುತ್ತದೆ. ನೀರಿಗೆ ಒಂದು ತೊಟ್ಟು ಪಾತ್ರೆ ತೊಳೆಯುವ ಲಿಕ್ವಿಡ್ ಬಿಟ್ಟು, ಗುಂಡನ್ನು ಅಲ್ಲಾಡಿಸಿ ಗುಳ್ಳೆ ಬಿಡಿಸಿ.

ಕಾದ ಸೂಜಿ, ಆ್ಯಸಿಡ್ ಪರೀಕ್ಷೆಗೆ ಒಪ್ಪಬೇಡಿ, ಒಳ್ಳೆಯ ಮುತ್ತೂ ಹಾಳಾಗುತ್ತದೆ. ಹಲ್ಲಿಗೆ ಉಜ್ಜಿ ಮರಳಿನಂಥ ತರಿ ನೋಡುವುದು ಗಾಜು, ಪ್ಲಾಸ್ಟಿಕ್ಕನ್ನು ಬೇರ್ಪಡಿಸುತ್ತದೆ ಅಷ್ಟೇ. ನೈಸರ್ಗಿಕ ಮುತ್ತು, ಕಲ್ಚರ್ಡ್ (ಮನುಷ್ಯರು ಸಿಂಪಿಯೊಳಗೆ ಬೆಳೆಸಿದ) ಮುತ್ತು ಎರಡೂ ತರಿತರಿಯೇ. ಗರುಡಪುರಾಣದಲ್ಲೂ ಒಂದು ಪರೀಕ್ಷೆ ಇದೆ: ಉಪ್ಪು, ಎಣ್ಣೆ ಬೆರೆತ ಬಿಸಿನೀರಿನಲ್ಲಿ ರಾತ್ರಿಯಿಡೀ ಇಡುವುದು, ಇಲ್ಲವೇ ಒಣಬಟ್ಟೆಯಲ್ಲಿ ಸುತ್ತಿ ಭತ್ತದಿಂದ ಉಜ್ಜುವುದು. ಬಣ್ಣ ಕೆಡದಿದ್ದರೆ ಅಸಲಿ. ಲೇಪ ಹಚ್ಚಿದ ಮಾಲನ್ನು ಹಿಡಿಯಲು ಆ ಕಾಲಕ್ಕೆ ಬಹಳ ಬುದ್ಧಿವಂತ ಉಪಾಯ. ಇವತ್ತಿನ ಕಲ್ಚರ್ಡ್ ಮುತ್ತು ಅದನ್ನು ದಾಟಿಬಿಡುತ್ತದೆ. ಅದಕ್ಕೆ ಎಕ್ಸ್-ರೇ ಬೇಕು, ಒಳಗೆ ಇಟ್ಟ ಚಿಪ್ಪಿನ ಮಣಿ ಅದರಲ್ಲಿ ಬೇರೆಯಾಗಿ ಕಾಣುತ್ತದೆ.

ಸಿಂಪಿನದು ಬಿಟ್ಟರೆ ಎಂಟರಲ್ಲಿ ಶಂಖಮುತ್ತಿಗೆ ಮಾತ್ರ ನ್ಯಾಯ ಸಲ್ಲಬೇಕು. ಪೂಜೆಯ ಶಂಖದ ಜೀವಿಯಲ್ಲೇ ಅದು ಅಪರೂಪಕ್ಕೆ ಹುಟ್ಟುತ್ತದೆ. ಸಿಂಪಿನ ಮುತ್ತಿನ ಕಾಮನಬಿಲ್ಲು ಅದಕ್ಕಿಲ್ಲ, ಪಿಂಗಾಣಿಯಂಥ ಹೊಳಪು. ಬಿದಿರಿನ ಮುತ್ತಿನ ಹಿಂದೆ ಇರುವುದು ಬಹುಶಃ ಗೆಣ್ಣಿನೊಳಗೆ ಗಟ್ಟಿಯಾಗುವ ಸಿಲಿಕಾ, ಅಂದರೆ ವಂಶಲೋಚನ. ಗಾಂಧಿ ಬಜಾರಿನ ಗ್ರಂಥಿಗೆ ಅಂಗಡಿಯಲ್ಲಿ ಔಷಧಿಗೆಂದು ಕೇಳುವ ಸಾಮಾನು ಅದು. ಹಾವಿನ ತಲೆಯಲ್ಲಿ ಮಾತ್ರ ಯಾವ ಮಣಿಯೂ ಬೆಳೆಯುವುದಿಲ್ಲ.

ಇನ್ನು ಕಾರ್ಡಿನ ವಿಷಯ. ವಸ್ತು ಯಾವುದು ಎಂಬ ಸಾಲಿನಲ್ಲಿ ‘ಗಜಮುಕ್ತಾ’ ಎಂದು ಅಚ್ಚಾಗಿದ್ದರೆ ಕಾರ್ಡು ವಾಪಸ್ ಕೊಡಿ. ಯಂತ್ರ ಹೇಳುವುದು ದಂತ, ಮೂಳೆ, ರಾಳ, ಕ್ಯಾಲ್ಸಿಯಂ ಕಾರ್ಬೊನೇಟ್ ಎಂಬ ಮಾತುಗಳನ್ನಷ್ಟೇ. ಮೇಲ್ಗಡೆ ದೊಡ್ಡಕ್ಷರದಲ್ಲಿ ಗಜಮುಕ್ತಾದಂಥ ಹೆಸರು, ಕೆಳಗೆ ಸಣ್ಣಕ್ಷರದಲ್ಲಿ ‘ಆರ್ಗ್ಯಾನಿಕ್ ಮೆಟೀರಿಯಲ್’ ಎಂದಿದ್ದರೆ ನಂಬಬೇಕಾದದ್ದು ಸಣ್ಣಕ್ಷರವನ್ನು. ಕ್ಯೂಆರ್ ಕೋಡ್ ಬಿಟ್ಟು ಲ್ಯಾಬಿನ ವೆಬ್ ವಿಳಾಸವನ್ನು ನೀವೇ ಟೈಪ್ ಮಾಡಿ, ಅಲ್ಲಿನ ತೂಕ ಮತ್ತು ಮಿಲಿಮೀಟರ್ ಅಳತೆ ನಿಮ್ಮ ಗುಂಡಿಗೆ ತಾಳೆಯಾಗುತ್ತದೆಯೇ ನೋಡಿ. ಪರೀಕ್ಷೆಗೆ ಕೊಡುವ ಲ್ಯಾಬನ್ನು ಆರಿಸಬೇಕಾದವರು ನೀವು, ಅಂಗಡಿಯವರಲ್ಲ.

ಚಂದ್ರನಿಗೆಂದೋ ಪೂಜೆಗೆಂದೋ ಮುತ್ತು ಬೇಕೇ ಬೇಕು ಎನ್ನುವವರಿಗೆ ಸಮುದ್ರದ ಕಲ್ಚರ್ಡ್ ಮುತ್ತು ಸಾಕು. ಅದೂ ಸಿಂಪಿಯೊಳಗೇ ಬೆಳೆದದ್ದು. ಬಿಲ್ಲಿನಲ್ಲಿ ‘ಕಲ್ಚರ್ಡ್, ಉಪ್ಪುನೀರಿನದು’ ಎಂದು ತೂಕದ ಸಮೇತ ಬರೆಸಿಕೊಳ್ಳಿ. ಬರೀ ‘ಮುತ್ತು 1’ ಎಂದು ಬರೆದು ಕೊಡುವ ಕಡೆ ಹಣ ಕೊಡಬೇಡಿ.