ಎದೆಹಾಲನ್ನೂ ಬ್ಲಾಕ್ ಮಾಡಿದ ಆ್ಯಪ್: ಎಂಟು ತಿಂಗಳು ಬಳಸಿ ಬರೀತಿರೋದು

ಇದು ಫೋನಲ್ಲಿ ಪೋರ್ನ್ ಬರದ ಹಾಗೆ ತಡೆಯೋ ಒಂದು ಆ್ಯಪ್‌ನ ರಿವ್ಯೂ. ಹೆಸರು ಹಾಕಲ್ಲ, ರೀಫಂಡ್ ವಿಚಾರಕ್ಕೆ ಅವರ ಜೊತೆ ಮೇಲಲ್ಲಿ ಇನ್ನೂ ಜಗಳ ನಡೀತಿದೆ, ಅಲ್ಲದೆ ಈ ಜಾತಿಯ ಆ್ಯಪ್‌ಗಳು ಹೆಚ್ಚುಕಮ್ಮಿ ಒಂದೇ ಥರ ಇರ್ತವೆ, ಯಾವುದು ತಗೊಳೋಕೆ ಹೊರಟಿದ್ರೂ ಓದಿ. ವರ್ಷಕ್ಕೆ 1,799 ರೂಪಾಯಿ ಕೊಟ್ಟೆ. ಸ್ಟಾರ್ ಎರಡೂವರೆ. ಆ ಅರ್ಧ ಯಾಕೆ ಅಂತ ಮುಂದೆ ಗೊತ್ತಾಗುತ್ತೆ.

ಯಾಕೆ ತಗೊಂಡೆ ಅಂದ್ರೆ, ಹೆಂಡತಿಗೆ ಏಳು ತಿಂಗಳಾಗಿದ್ದಾಗ ಟ್ಯಾಬಲ್ಲಿ ಸೀಮಂತದ ಸೀರೆ ನೋಡೋಕೆ ಹೋಗಿ ನನ್ನ ಹಿಸ್ಟರಿ ನೋಡಿಬಿಟ್ಲು. ಕಾಲೇಜಿಂದ ಇದ್ದ ಚಟ, ಮದುವೆ ಆದ್ಮೇಲೆ ತಾನಾಗೇ ಬಿಟ್ಟು ಹೋಗುತ್ತೆ ಅಂದ್ಕೊಂಡಿದ್ದೆ, ಹೋಗ್ಲಿಲ್ಲ. ಅವಳು ಕೂಗಾಡ್ಲಿಲ್ಲ, ಮೂರು ದಿನ ಮಾತಾಡ್ಲಿಲ್ಲ ಅಷ್ಟೇ, ನಾಲ್ಕನೇ ದಿನ ನಾನು ಆ್ಯಪ್ ಹಾಕಿ "ನೋಡು, ದುಡ್ಡು ಕೊಟ್ಟು ಹಾಕಿಸ್ಕೊಂಡಿದೀನಿ" ಅಂತ ತೋರಿಸ್ದೆ. ಒಂಥರಾ ರಸೀದಿ ತೋರಿಸಿದ ಹಾಗೆ. ಆಮೇಲೆ ಅವಳು ಬಾಣಂತನಕ್ಕೆ ತೀರ್ಥಹಳ್ಳಿಗೆ ಹೋದ್ಲು, ನಾನು ಬೆಂಗಳೂರಲ್ಲಿ ಒಬ್ನೇ, ಅಂದ್ರೆ ಆ್ಯಪ್‌ಗೆ ನಿಜವಾದ ಪರೀಕ್ಷೆ ಶುರು ಆಗಿದ್ದೇ ಅವಾಗ.

ಕೆಲಸ ಮಾಡೋ ರೀತಿ ಹೇಳ್ತೀನಿ. ಫೋನಿನ ಇಂಟರ್ನೆಟ್ ಎಲ್ಲಾ ಇದರ ವಿಪಿಎನ್, ಅಂದ್ರೆ ಇವರದ್ದೇ ಒಂದು ಬೇರೆ ದಾರಿ, ಅದರ ಮೂಲಕ ಹೋಗುತ್ತೆ, ಸ್ಕ್ರೀನ್ ಓದೋ ಆಕ್ಸೆಸಿಬಿಲಿಟಿ ಪರ್ಮಿಷನ್ ಬೇರೆ ಕೇಳುತ್ತೆ. ನಮ್ಮ ಮೇಲೆ ಕಣ್ಣಿಡೋಕೆ ಒಬ್ಬ "ಪಾರ್ಟ್ನರ್" ಬೇಕು, ನನಗೆ ಅದು ಹೆಂಡತಿ, ಏನಾದ್ರೂ ಬ್ಲಾಕ್ ಆದ್ರೆ ಅವಳ ಫೋನಿಗೆ ಅಲರ್ಟ್ ಹೋಗುತ್ತೆ, ತೆಗೆದುಹಾಕ್ಬೇಕು ಅಂದ್ರೂ ಅವಳ ಹತ್ರ ಇರೋ ಪಿನ್ ಬೇಕು. ಬ್ರೌಸರಲ್ಲಿ ಸೈಟ್ ಬ್ಲಾಕ್ ಮಾಡೋದು ಗಟ್ಟಿಯಾಗಿದೆ, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಟೆಲಿಗ್ರಾಂ ಒಳಗೆ ಏನೂ ಹಿಡಿಯಲ್ಲ, ಇನ್‌ಸ್ಟಾದ ರೀಲ್ಸ್ ಅಂತೂ ಕೇಳ್ಲೇಬೇಡಿ, ಮುಂಬಾಗ್ಲಿಗೆ ಬೀಗ ಹಾಕಿ ಹಿತ್ತಲು ತೆರೆದಿಟ್ಟ ಹಾಗೆ. ಆಫೀಸಿನ ವಿಪಿಎನ್ ಹಾಕಿದ್ರೆ ಇದು ಆಫ್ ಆಗುತ್ತೆ, ಇದು ಆನ್ ಇದ್ರೆ ಬ್ಯಾಂಕಿನ ಆ್ಯಪ್ ತೆರೆಯಲ್ಲ, ಬ್ಯಾಟರಿ ಸಂಜೆ ಐದಕ್ಕೆಲ್ಲ ಕೆಂಪು. 2018ರ ಅಕ್ಟೋಬರಲ್ಲಿ ಸರ್ಕಾರನೇ 827 ಸೈಟ್ ಬ್ಲಾಕ್ ಮಾಡ್ಸಿತ್ತು, ಕೆಲವು ಹೊಸ ಅಡ್ರೆಸ್ ಹಾಕ್ಕೊಂಡು ವಾಪಸ್ ಬಂದ್ವು, ಇವರದ್ದು ಅದಕ್ಕಿಂತ ವಾಸಿ ಅನ್ನಿ.

ಈಗ ಎದೆಹಾಲಿನ ಕಥೆ. ಮಗು ಹುಟ್ಟಿ ಹನ್ನೊಂದನೇ ದಿನ, ರಾತ್ರಿ ಹನ್ನೊಂದೂವರೆಗೆ ಅವಳು ಫೋನ್ ಮಾಡಿ ಪಾಪು ಸರಿಯಾಗಿ ಹಾಲು ಕುಡೀತಿಲ್ಲ ಅಂತ ಅಳ್ತಿದ್ಲು. ಇಟ್ಟ ತಕ್ಷಣ ನಾನು ಇಂಗ್ಲಿಷಲ್ಲಿ ಎದೆಹಾಲು ಅಂತ ಟೈಪ್ ಮಾಡಿ ಹುಡುಕ್ದೆ. ಸ್ಕ್ರೀನ್ ಪೂರ್ತಿ ಕೆಂಪಾಗಿ "ನಿಲ್ಲಿ! ನೀವು ಇದಕ್ಕಿಂತ ದೊಡ್ಡವರು" ಅಂತ ಬಂತು, ಅದೇ ಕ್ಷಣಕ್ಕೆ ನೂರಾರು ಕಿಲೋಮೀಟರ್ ಆಚೆ ಅವಳ ಫೋನಲ್ಲಿ ಆಂಬುಲೆನ್ಸ್ ಥರ ಸೈರನ್. ಫೋನ್ ಎತ್ಕೊಂಡಿದ್ದು ನಮ್ಮತ್ತೆ. ಅವರಿಗೆ ಇಂಗ್ಲಿಷ್ ಓದೋಕೆ ಬರಲ್ಲ, ನನ್ನ ಪುಣ್ಯ. "ಅಳಿಯಂದಿರದ್ದೇನೋ ಬಂದಿದೆ, ಕೆಂಪಗಿದೆ ನೋಡೇ" ಅಂತ ಮಗಳ ಕೈಗೆ ಕೊಟ್ರಂತೆ.

ಎರಡೇ ನಿಮಿಷಕ್ಕೆ ಕಾಲ್ ಬಂತು, ಪಿಸುದನಿ. "ರೀ, ಪಾಪು ಇಲ್ಲಿ ಹಾಲು ಕುಡೀದೆ ಅಳ್ತಿದೆ, ನೀವು ಏನ್ ನೋಡ್ತಾ ಕೂತಿದೀರ?" ಎದೆಹಾಲಿನ ಬಗ್ಗೆ ಹುಡುಕ್ತಿದ್ದೆ ಕಣೇ ಅಂತ ಸತ್ಯನೇ ಹೇಳಿದ್ರೂ ನಂಬಲಿಲ್ಲ, ಯಾಕೆ ನಂಬ್ಬೇಕು ಹೇಳಿ, ಅದಕ್ಕಿಂತ ಮುಂಚೆ ಎಷ್ಟು ಸಲ ಸುಳ್ಳು ಹೇಳಿದೀನಿ. ಸ್ಕ್ರೀನ್‌ಶಾಟ್ ಕಳಿಸಿದ್ಮೇಲೆ ಅರ್ಧ ನಿಮಿಷ ಸುಮ್ನಿದ್ಲು, ಆಮೇಲೆ ನಕ್ಲು, ನಕ್ಕು ಮತ್ತೆ ಅತ್ಲು. ಮಾರನೇ ದಿನ ಹೇಳಿದ ಮಾತು ಇದು: "ನೀವು ನೋಡಿದ್ದಕ್ಕಲ್ಲ ರೀ ನಂಗೆ ಬೇಜಾರಾಗಿದ್ದು, ನಾನು ರೂಮಿಗೆ ಬಂದಾಗೆಲ್ಲ ಫೋನ್ ಮಗುಚಿ ಇಡ್ತಿದ್ರಲ್ಲ, ಅದಕ್ಕೆ. ಬೇರೆ ಯಾರೋ ಇದಾರೆ ಅಂದ್ಕೊಂಡಿದ್ದೆ. ಈಗ ಈ ಆ್ಯಪ್ ಹಾಕಿ ನನ್ನನ್ನ ನಿಮ್ಮ ಹಾಸ್ಟೆಲ್ ವಾರ್ಡನ್ ಮಾಡಿದೀರ." ಆ ಅರ್ಧ ಸ್ಟಾರ್ ಇದಕ್ಕೆ. ಆ್ಯಪ್ ತಪ್ಪು ಮಾಡಿದ್ರಿಂದ್ಲೇ ನಾವಿಬ್ರು ಎರಡು ವರ್ಷದಲ್ಲಿ ಮೊದಲನೇ ಸಲ ಇದರ ಬಗ್ಗೆ ಬಾಯಿ ಬಿಟ್ಟು ಮಾತಾಡಿದ್ವಿ.

ಮಾತೇ ಇಲ್ಲ ನೋಡಿ ನಮ್ಮಲ್ಲಿ, ಬರೀ ಜೋಕು. 2012ರ ಫೆಬ್ರವರಿಯಲ್ಲಿ ನಮ್ಮ ವಿಧಾನಸಭೆ ಒಳಗೆ ಮೊಬೈಲ್ ವಿಡಿಯೋ ಗಲಾಟೆ ಆಗಿ ಮೂವರು ಮಂತ್ರಿಗಳು ರಾಜೀನಾಮೆ ಕೊಟ್ಟಾಗ ನಮ್ಮ ಹಾಸ್ಟೆಲಲ್ಲಿ ವಾರಗಟ್ಟಲೆ ನಕ್ಕಿದ್ವಿ, ನಕ್ಕೋರಲ್ಲಿ ನೋಡದೇ ಇರೋನು ಒಬ್ನೂ ಇರ್ಲಿಲ್ಲ.

ಆ್ಯಪಲ್ಲಿ ದಿನಕ್ಕೊಂದು "ಪಾಠ" ಅಂತ ಬರುತ್ತೆ, ಇದಕ್ಕೆ ನಾನು ಮಾರ್ಕ್ಸ್ ಕಟ್ ಮಾಡ್ತೀನಿ. ನಾಲ್ಕನೇ ದಿನದ ಪಾಠದಲ್ಲಿ ಮೆದುಳಿನ ಚಿತ್ರ, ಅರ್ಧ ಕರಗಿ ಹೋದ ಹಾಗೆ. ನಿದ್ದೆ ಬರ್ಲಿಲ್ಲ ಅವತ್ತು. ಆಮೇಲೆ ಕೂತು ಹುಡುಕಿದ್ರೆ, ಅದರ ಹಿಂದಿರೋದು 2014ರ ಬರ್ಲಿನ್ ಅಧ್ಯಯನ, 64 ಗಂಡಸರ ಸ್ಕ್ಯಾನ್, ವಾರಕ್ಕೆ ಹೆಚ್ಚು ಗಂಟೆ ನೋಡೋರಲ್ಲಿ ಮೆದುಳಿನ ಬಲಭಾಗದ ಕಾಡೇಟ್ ಅನ್ನೋ ಜಾಗದ ಬೂದು ಭಾಗ ಸ್ವಲ್ಪ ಚಿಕ್ಕದಾಗಿ ಕಾಣ್ತು ಅಂತ. ನೋಡಿದ್ರಿಂದ ಚಿಕ್ಕದಾಯ್ತಾ, ಚಿಕ್ಕದಿದ್ದೋರೇ ಜಾಸ್ತಿ ನೋಡ್ತಾರಾ, ಅದನ್ನ ಈ ಅಧ್ಯಯನದಿಂದ ಹೇಳೋಕಾಗಲ್ಲ ಅಂತ ಬರೆದೋರೇ ಒಪ್ಕೊಂಡಿದಾರೆ. ಕರಗೋದು ಗಿರಗೋದು ಏನೂ ಇಲ್ಲ. "ಡೈವೋರ್ಸ್ ಚಾನ್ಸ್ ಡಬಲ್" ಅಂತ ಇನ್ನೊಂದು ಪಾಠ. ಅದು ಅಮೆರಿಕದ ಸರ್ವೆ, ಎರಡು ಸುತ್ತಿನ ನಡುವೆ ಹೊಸದಾಗಿ ನೋಡೋಕೆ ಶುರು ಮಾಡಿದೋರಲ್ಲಿ ಡೈವೋರ್ಸ್ ಸಾಧ್ಯತೆ 6ರಿಂದ 11 ಪರ್ಸೆಂಟಿಗೆ ಹೋಗಿತ್ತು, ಲೆಕ್ಕ ಸುಳ್ಳಲ್ಲ, ಆದ್ರೆ ಮನೆ ಕೆಟ್ಟಿದ್ದಕ್ಕೆ ನೋಡೋಕೆ ಶುರು ಮಾಡಿದ್ರಾ ಅನ್ನೋ ಪ್ರಶ್ನೆ ಪಾಠದಲ್ಲಿ ಎಲ್ಲೂ ಇಲ್ಲ. ಹೆದರಿಸಿದ್ರೆ ರಿನ್ಯೂ ಮಾಡ್ತಾರೆ ಅಂತ ಲೆಕ್ಕ ಇರ್ಬೇಕು.

ನನಗೆ ನಿಜವಾಗ್ಲೂ ತಾಗಿದ್ದು ಕೇಂಬ್ರಿಜ್‌ನವರ ಅಧ್ಯಯನ, ಅದೂ 2014ರದ್ದೇ, ಆ್ಯಪಲ್ಲಿ ಇರಲೇ ಇಲ್ಲ. ಹಿಡಿತ ತಪ್ಪಿದ 19 ಜನ, ಮಾಮೂಲಿ 19 ಜನ, ಇಬ್ಬರಿಗೂ ವಿಡಿಯೋ ತೋರಿಸಿ ಸ್ಕ್ಯಾನ್ ಮಾಡಿದ್ರು. ಹಿಡಿತ ತಪ್ಪಿದೋರಿಗೆ "ಬೇಕು" ಅನ್ನೋದು ಜಾಸ್ತಿ ಇತ್ತು, ಆದ್ರೆ "ಇಷ್ಟ ಆಯ್ತು" ಅನ್ನೋದು ಬೇರೆಯೋರಿಗಿಂತ ಜಾಸ್ತಿ ಏನಿರ್ಲಿಲ್ಲ. ಇದನ್ನ ಓದಿ ನಾನು ಲ್ಯಾಪ್‌ಟಾಪ್ ಮುಚ್ಚಿ ಕೂತೆ. ನನ್ನ ರಾತ್ರಿಗಳು ಥೇಟ್ ಹೀಗೇ. ಚಿಕ್ಕಪೇಟೆ ಸೀರೆ ಅಂಗಡೀಲಿ ಕೂತು ಇನ್ನೊಂದು ತೆಗೀರಿ, ಅದರ ಕೆಳಗಿಂದು ತೋರ್ಸಿ, ಆ ಬಣ್ಣ ಅಂತ ನಲವತ್ತು ನಿಮಿಷ ಗುಡ್ಡೆ ಹಾಕಿಸಿ ಕೊನೆಗೆ ಏನೂ ತಗೊಳ್ದೆ ಎದ್ದು ಬರ್ತಾರಲ್ಲ, ಹಾಗೆ ಟ್ಯಾಬ್ ಮೇಲೆ ಟ್ಯಾಬ್, ಒಂದೂ ಪೂರ್ತಿ ನೋಡಲ್ಲ, ಮುಂದಿಂದು ಇನ್ನೂ ಚೆನ್ನಾಗಿರ್ಬಹುದು ಅನ್ನೋ ಆಸೆ. ಡೋಪಮಿನ್ ಅಂದ್ರೆ ಖುಷಿ ಕೊಡೋ ಕೆಮಿಕಲ್ ಅಂತ ಆ್ಯಪ್ ಹೇಳುತ್ತೆ, ಅದು ಪೂರ್ತಿ ಸರಿ ಅಲ್ಲ, ಸಿಗ್ಬಹುದು ಅನ್ನೋ ಸುಳಿವಿಗೇ ಅದು ಏಳೋದು, ಕೋತಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ ಜ್ಯೂಸ್ ಬರುತ್ತೆ ಅನ್ನೋ ಸಿಗ್ನಲ್ ರೂಢಿ ಆದ್ಮೇಲೆ ಜ್ಯೂಸಿಗಿಂತ ಆ ಸಿಗ್ನಲ್‌ಗೇ ನರಗಳು ಏಳ್ತಿದ್ವು. ಪಕ್ಕದಲ್ಲಿ ಮಲಗಿರೋ ಹೆಂಡತಿಗೆ ನೆಕ್ಸ್ಟ್ ಬಟನ್ ಇರಲ್ವಲ್ಲ, ನನಗೆ ಅವಳ ಜೊತೆ ಇದ್ದಾಗ್ಲೂ ಗಮನ ಎಲ್ಲೋ ಇರ್ತಿತ್ತು, ಅದು ಅವಳಿಗೂ ಗೊತ್ತಾಗ್ತಿತ್ತು ಅಂತ ಈಗ ಹೇಳ್ತಾಳೆ.

ಸ್ಟ್ರೀಕ್ ಅನ್ನೋ ಫೀಚರ್ ಬಗ್ಗೆ ಸಿಟ್ಟಿದೆ. ಎಷ್ಟು ದಿನ ಆಯ್ತು ಅಂತ ದೊಡ್ಡ ಅಂಕೆ ತೋರಿಸುತ್ತೆ, 31 ದಿನ ಆಗಿತ್ತು, ಒಂದು ರಾತ್ರಿ ಜಾರಿದೆ, ಅಂಕೆ ಸೀದಾ ಸೊನ್ನೆ. ಹೇಗೂ ಸೊನ್ನೆ ಆಯ್ತಲ್ಲ ಅಂತ ಮುಂದಿನ ನಾಲ್ಕು ದಿನ ಹಳೇ ಫೋನ್ ಚಾರ್ಜ್ ಮಾಡ್ಕೊಂಡು ಮನಸಿಗೆ ಬಂದಂಗೆ ನೋಡ್ದೆ. ಕುಡಿತ ಬಿಡೋರಲ್ಲೂ ಒಂದು ಗುಟುಕು ಬಿದ್ರೆ ಬಾಟಲಿ ಖಾಲಿ ಆಗೋದು ಹೀಗೇ ಅಂತೆ. 31 ದಿನ ಗೆದ್ದಿದ್ದು ಎಲ್ಲಿ ಹೋಯ್ತು ಗುರು?

ಈ ಗುಟುಕಿನ ಮಾತು ಹೇಳಿದ್ದು ಮನೆ ಹತ್ರದ ಕೌನ್ಸಿಲರ್ ಮೇಡಂ, ನಾಲ್ಕು ಸಿಟ್ಟಿಂಗ್ ಹೋದೆ, ಆ್ಯಪ್‌ಗಿಂತ ಇದೇ ಕೆಲಸಕ್ಕೆ ಬಂತು. ಮೊದಲನೇ ದಿನ ನಾನು "ನಂಗೆ ಅಡಿಕ್ಷನ್ ಇದೆ ಮೇಡಂ" ಅಂದ್ರೆ ಅವರು ಎಷ್ಟು ನೋಡ್ತೀರ ಅಂತ ಕೇಳ್ಲೇ ಇಲ್ಲ, ಎಷ್ಟೊತ್ತಿಗೆ, ಅದಕ್ಕೆ ಅರ್ಧ ಗಂಟೆ ಮುಂಚೆ ಏನ್ ಮಾಡ್ತಿದ್ರಿ ಅಂತ ಕೇಳಿದ್ರು. ಬರೆದು ನೋಡಿದ್ರೆ ಹತ್ತರಲ್ಲಿ ಎಂಟು ಸಲ ರಾತ್ರಿ ಮ್ಯಾನೇಜರ್ ಜೊತೆ ಕಾಲ್ ಮುಗಿದ್ಮೇಲೆ! ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿ 2022ರಿಂದ ಲೈಂಗಿಕ ನಡವಳಿಕೆಯ ಹಿಡಿತ ತಪ್ಪೋದು ಅಂತ ಒಂದು ಸೇರಿದೆ, ಆದ್ರೆ ಅದನ್ನ ಅಡಿಕ್ಷನ್ ಗುಂಪಲ್ಲಿ ಇಟ್ಟಿಲ್ಲ, ಆರು ತಿಂಗಳೋ ಹೆಚ್ಚೋ ಹಿಡಿತ ಸಿಗದೆ ಬದುಕು ಕೆಟ್ಟಿರ್ಬೇಕು, ತಪ್ಪು ಮಾಡ್ತಿದೀನಿ ಅನ್ನೋ ಪಾಪಪ್ರಜ್ಞೆ ಒಂದೇ ಇದ್ರೆ ಅದು ಲೆಕ್ಕಕ್ಕಿಲ್ಲ ಅಂತ ವಿವರಿಸಿದ್ರು. ಅರ್ಧ ಭಾರ ಅಲ್ಲೇ ಇಳೀತು. ದುಡ್ಡು ಕಷ್ಟ ಅನ್ನೋರಿಗೆ ನಿಮ್ಹಾನ್ಸಲ್ಲಿ 2014ರಲ್ಲೇ ಶುರುವಾದ ಶಟ್ ಕ್ಲಿನಿಕ್ ಇದೆ, ಮೊಬೈಲು ಇಂಟರ್ನೆಟ್ಟು ಹಿಡಿತ ತಪ್ಪಿದೋರಿಗಂತಲೇ. ಮುಖ ತೋರ್ಸೋಕೆ ಸಂಕೋಚ ಆದ್ರೆ ಸರ್ಕಾರದ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416, ಫ್ರೀ, ಕನ್ನಡದಲ್ಲೇ ಮಾತಾಡ್ಬಹುದು.

ಬರೀ ಸೈಟ್ ಬ್ಲಾಕ್ ಆದ್ರೆ ಸಾಕು ಅನ್ನೋರು 1,799 ಕೊಡ್ಬೇಡಿ. ಮನೆ ವೈಫೈ ರೌಟರಿನ ಸೆಟ್ಟಿಂಗಲ್ಲಿ ಡಿಎನ್ಎಸ್ (ಸೈಟಿನ ಹೆಸರಿಗೆ ಅಡ್ರೆಸ್ ಹುಡುಕಿಕೊಡೋ ಸೇವೆ) ಜಾಗಕ್ಕೆ 1.1.1.3, ಎರಡನೇದಕ್ಕೆ 1.0.0.3 ಹಾಕಿ, ಕ್ಲೌಡ್‌ಫ್ಲೇರ್ ಅನ್ನೋ ಇಂಟರ್ನೆಟ್ ಕಂಪನಿಯವರು 2020ರಿಂದ ಪುಕ್ಕಟೆ ಕೊಡ್ತಿರೋದು, ಪೋರ್ನ್ ಸೈಟು ವೈರಸ್ ಸೈಟು ಎರಡೂ ನಿಲ್ಲುತ್ತೆ, ಸೈರನ್ ಇಲ್ಲ, ಅತ್ತೆ ಮನೆಗೆ ರಿಪೋರ್ಟ್ ಇಲ್ಲ, ಎದೆಹಾಲೂ ಹುಡುಕ್ಬಹುದು. ಮೊಬೈಲ್ ಡೇಟಾ ಆನ್ ಮಾಡಿದ್ರೆ ಅಷ್ಟೇ, ಅದು ತಡೆಯಲ್ಲ, ಅದಕ್ಕೆ ನಮ್ಮನೇಲಿ ಈಗ ಹತ್ತು ಗಂಟೆಗೆ ಎರಡೂ ಫೋನ್ ಅಡುಗೆಮನೆ ಫ್ರಿಡ್ಜ್ ಮೇಲೆ, ಅವಳದ್ದೂ. ರೌಟರ್ ಪಾಸ್‌ವರ್ಡ್ ಅವಳೇ ಬದಲಾಯಿಸಿದಾಳೆ, ಏನು ಅಂತ ನಾನು ಕೇಳಿಲ್ಲ.

ಈಗಾಗ್ಲೇ ತಗೊಂಡು ಬಿಡ್ಬೇಕು ಅನ್ನೋರಿಗೆ ಒಂದು ವಿಷ್ಯ, ಆ್ಯಪ್ ಡಿಲೀಟ್ ಮಾಡಿದ್ರೆ ಸಬ್‌ಸ್ಕ್ರಿಪ್ಷನ್ ನಿಲ್ಲಲ್ಲ, ಪ್ಲೇ ಸ್ಟೋರಿಗೆ ಹೋಗಿ ಪೇಮೆಂಟ್ಸ್ ಒಳಗೆ ಕ್ಯಾನ್ಸಲ್ ಮಾಡ್ಬೇಕು, ಆ್ಯಪ್ ತೆಗೆಯೋಕೂ ಮೊದಲು ಪಾರ್ಟ್ನರ್ ಹತ್ರ ಪಿನ್ ಇಸ್ಕೊಳಿ. ನನ್ನವಳು ಪಿನ್ ಮರೆತುಬಿಟ್ಟಿದಾಳೆ, ರೀಫಂಡ್ ಜೊತೆ ಅದೂ ಸೇರಿ ಈಗ ಜಗಳ ಆ್ಯಪ್‌ನವರ ಜೊತೆ.