ಮೊರಿನಿ ಸಿಎಂ 162ಇಐ: ಟ್ರಿಗರ್‌ಗೆ ಪೂರ್ತಿ ಅಂಕ, ಬ್ಯಾಟರಿ ಮೇಲೆ ಕಣ್ಣಿರಲಿ

10 ಮೀಟರ್ ಏರ್ ಪಿಸ್ತೂಲ್ ಸ್ಪರ್ಧೆಗೆ ಈ ಸ್ವಿಸ್ ಮಾಡೆಲ್ ಮೇಲೆ ದುಡ್ಡು ಸುರಿಯುವುದೇ ಬ್ಯಾಟರಿಯಿಂದ ನಡೆಯುವ ಅದರ ಎಲೆಕ್ಟ್ರಾನಿಕ್ ಟ್ರಿಗರ್‌ಗಾಗಿ. ಎಳೆತ ಪ್ರತಿ ಸಲವೂ ಒಂದೇ ಥರ. ಗಾಳಿ ಖರ್ಚಾಗದೆ ಡ್ರೈ ಫೈರ್ (ಗುಂಡಿಲ್ಲದೆ ಟ್ರಿಗರ್ ಎಳೆಯುವ) ಅಭ್ಯಾಸವೂ ಆಗುತ್ತೆ. ಹೊಸಬರು ಟ್ರಿಗರ್ ಎಳೆತವನ್ನು ತೀರಾ ಹಗುರ ಮಾಡಿಕೊಂಡು ತಪಾಸಣೆಯಲ್ಲಿ ಸಿಕ್ಕಿಬೀಳುತ್ತಾರೆ: ಟ್ರಿಗರ್‌ಗೆ ನೇತುಹಾಕಿದ 500 ಗ್ರಾಂ ತೂಕವನ್ನು ಅದು ಬಿಡದೆ ಎತ್ತಲೇಬೇಕು. 510ರ ಆಸುಪಾಸು ಇಟ್ಟರೆ ಕ್ಷೇಮ. ಗಾಳಿಯ ಸಿಲಿಂಡರನ್ನು 200 ಬಾರ್ ಒತ್ತಡದವರೆಗೆ, ನಿಧಾನಕ್ಕೆ ತುಂಬಿಸಿ. ಅವಸರಿಸಿದರೆ ಬಿಸಿಯಾಗಿ, ತಣಿದ ಮೇಲೆ ಒತ್ತಡ ಇಳಿಯುತ್ತೆ. ತಯಾರಾಗಿ 10 ವರ್ಷ ದಾಟಿದ ಸಿಲಿಂಡರ್ ಅಗ್ಗಕ್ಕೆ ಸಿಕ್ಕರೂ ಬೇಡ. ಗ್ರಿಪ್ ಉಜ್ಜಿ, ಪುಟ್ಟಿ ಹಚ್ಚಿ ಕೈಗೆ ಹೊಂದಿಸಿಕೊಳ್ಳಿ.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಎರಡು ಕಂಚು ಗೆದ್ದ ಮನು ಭಾಕರ್‌ಗೇ ಹಿಂದಿನ ಟೋಕಿಯೊ ಒಲಿಂಪಿಕ್ಸ್‌ನ ಅರ್ಹತಾ ಸುತ್ತಿನ ನಡುವೆ ಪಿಸ್ತೂಲ್ ಕೈಕೊಟ್ಟು, 12ನೇ ಸ್ಥಾನಕ್ಕೆ ನಿಲ್ಲಬೇಕಾಯಿತು. 60 ಗುಂಡಿಗೆ ಸಿಗುವುದು 75 ನಿಮಿಷ, ರಿಪೇರಿಗೆ ಪುರುಸೊತ್ತೆಲ್ಲಿ? ಹೊಸ ಬ್ಯಾಟರಿ, ಓ-ರಿಂಗ್ (ಗಾಳಿ ಸೋರದಂತೆ ತಡೆಯುವ ರಬ್ಬರ್ ಉಂಗುರ), ಸಾಧ್ಯವಾದರೆ ಇನ್ನೊಂದು ಪಿಸ್ತೂಲ್ ಕಿಟ್‌ನಲ್ಲಿರಲಿ.